ಕಿಸೆದಾಗಿನ ಚೀಟಿ

ಅಪ್ಪಾ,

ನೀ ಹೋಗಿ ಆರು ವರ್ಷಕ್ಕ ನಿನ್ನ ಶುಗರ್ ನನಗೂ ಬಂದೈತಿ. ನಿನ್ನಂಗ ಅಂಗಾಲು ಉರೀತಾವು. ಬೆಳಗಾವಿ ಡಾಕ್ಟರ್ ಗುಳಿಗಿ ಚೀಟಿ ಬರದುಕೊಟ್ಟು, "ದಿನಕ್ಕ ಒಂದ. ಹೆಚ್ಚಾದ್ರ ತಲಿ ತಿರುಗಿ ಜೋಲಿ ಹೋಗ್ತದ, ನೋಡ್ರಿ" ಅಂದ್ರು. ಉರಿ ನಿಲ್ಲಲಿಲ್ಲ. ಗುಳಿಗಿ ಖೊಟ್ಟಿ ಇರಬೇಕು, ಒಂದರಾಗ ಕಸುವಿಲ್ಲಂತ ಸಂಶಯ ಬಂದು ಇವತ್ತ ಎರಡು ನುಂಗಿದೆ. ಖಾನಾಪುರ ಸ್ಟ್ಯಾಂಡಿನಾಗ ಬಸ್ ಇಳಿಯೂದ್ರಾಗ ಜೋಲಿ ಹೋತು. ಕರಿಯಾಕ ಬಂದಿದ್ದ ಮಗಳು ನಿಖಿತಾ ಹತ್ರ ಬಂದು ನನ್ನ ಬಾಯಿ ಮೂಸಿದ್ಳು.

ಅದ ಸ್ಟ್ಯಾಂಡಿನಾಗ, ನೀನೂ ಹಿಂಗ ಜೋಲಿ ಹೋದಾಗ, ಮಂದಿ ಮುಂದ ನಾ ನಿನ್ನ ಬಾಯಿ ಮೂಸಿದ್ದೆ. ಎಲಿ-ಅಡಕಿ ವಾಸನಿ ಬಿಟ್ಟು ಏನೂ ಇರಲಿಲ್ಲ. "ಕುಡದದ್ದು ಮುಚ್ಚಾಕ ಎಲಿ ಹಾಕ್ಕೊಂಡಿ" ಅಂದೆ.

ನಿಖಿತಾ ನನ್ನ ಕಿಸೆದಾಗಿನ ಚೀಟಿ ತಗದು ಓದಿ, ಡಾಕ್ಟರಿಗೆ ಫೋನ್ ಹಚ್ಚಿದ್ಳು. ನೀನೂ ಅವತ್ತ ಕಿಸೆದಾಗ ಕೈ ಹಾಕಿದ್ದಿ. ಏನ ತಗೀತಿ ಅಂತ ನೋಡಾಕ ನಾ ನಿಲ್ಲಲಿಲ್ಲ.