ಅಣ್ಣನ ಎದೆಯಿಂದ ನನ್ನ ಎದೆ ಅಳೆದವರಿಗೆ

ಮಾನ್ಯ ವೈದ್ಯಕೀಯ ಮಂಡಳಿಯ ಅಧ್ಯಕ್ಷರೇ,

ನಾನು ಸಂಪೂರ್ಣ ಗುಣಮುಖಳಾಗಿದ್ದೇನೆಂದು ತಾವು ಬರೆದುಕೊಟ್ಟಿದ್ದೀರಿ. ಬಹಳ ಸಂತೋಷ. ಈ ಸುದ್ದಿ ನನ್ನ ಹೃದಯಕ್ಕೆ ಇನ್ನೂ ತಲುಪಿಲ್ಲ, ಅಷ್ಟೇ.

ತಮ್ಮದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ರೋಗಿಗಳ ಚಾದರ ಒಗೆಯುವವಳು ನಾನು. ನನ್ನ ಅವಳಿ ಅಣ್ಣ ಇಲ್ಲಿಯೇ ಆಮ್ಲಜನಕದ ಸಿಲಿಂಡರ್ ಸಾಗಿಸುತ್ತಾನೆ. ನನಗಿಂತ ಹನ್ನೆರಡು ನಿಮಿಷ ದೊಡ್ಡವನು. ಆ ದೊಡ್ಡಸ್ತಿಕೆಯನ್ನು ಐವತ್ತೆರಡು ವರ್ಷಗಳಿಂದ ಮೆರೆಯುತ್ತಿದ್ದಾನೆ. ಇಬ್ಬರಿಗೂ ಒಂದೇ ಕಾಯಿಲೆ: ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವುದು. ಒಂದೇ ವಾರದಲ್ಲಿ ಒಬ್ಬರೇ ವೈದ್ಯರು ತೊಡೆಯಿಂದ ಕೊಳವೆ ತೂರಿಸಿ ಇಬ್ಬರಿಗೂ ಚಿಕಿತ್ಸೆ ಮಾಡಿದರು. ಮೂರು ತಿಂಗಳಿಗೆ ಅಣ್ಣ ಸರಸರನೆ ಮೆಟ್ಟಿಲು ಹತ್ತಿದ. ಐದು ತಿಂಗಳಾದರೂ ನಾನು ಎರಡು ಒದ್ದೆ ಚಾದರ ಎತ್ತಿದರೆ ಎದೆ ಡವಗುಟ್ಟಿ ಕಣ್ಣು ಕತ್ತಲಿಡುತ್ತದೆ.

ತಾವೇನು ಮಾಡಿದಿರಿ? ನನ್ನ ಕಡತದ ಪಕ್ಕ ಅಣ್ಣನ ಕಡತ ಬಿಚ್ಚಿಟ್ಟಿರಿ. “ಅವಳಿ ಅಲ್ವೇನಮ್ಮಾ? ಅವನಿಗೆ ವಾಸಿ ಆಗಿದೆ, ನಿನಗ್ಯಾಕೆ ಆಗಲ್ಲ? ಎಲ್ಲಾ ಮನಸ್ಸಿಂದು” ಎಂದಿರಿ. ಮಲಗಿಸಿ ಅರ್ಧ ನಿಮಿಷ ಇಸಿಜಿ ತೆಗೆಸಿದಿರಿ. ಮಲಗಿಕೊಂಡು ಬಟ್ಟೆ ಒಗೆಯುವ ಹುದ್ದೆಯೇನಾದರೂ ಇದ್ದರೆ ದಯವಿಟ್ಟು ತಿಳಿಸಿ, ನಾಳೆಯೇ ಹಾಜರಾಗುತ್ತೇನೆ! ಹೃದಯ ವಿಭಾಗದ ಹಿರಿಯ ದಾದಿಯನ್ನು ಕೇಳಿದೆ. “ಎಷ್ಟೋ ಹೆಂಗಸರು ಹೀಗೇ ಹೇಳ್ತಾರೆ ಕಣೇ, ಗಂಡಸರಷ್ಟು ಬೇಗ ಚೇತರಿಸ್ಕೊಳ್ಳಲ್ಲ. ಬರೆಯೋಣ ಅಂದ್ರೆ ಫಾರ್ಮಲ್ಲಿ ಜಾಗಾನೇ ಇಲ್ಲ” ಎಂದಳು. ಆ ಫಾರ್ಮು ತಯಾರಿಸುವಾಗ ಹೆಂಗಸರಿಗೂ ಹೃದಯವಿದೆಯೆಂದು ಯಾರಿಗೂ ಹೊಳೆಯಲಿಲ್ಲವೇ?

ತಮ್ಮ ಆದೇಶದಂತೆ ಈ ಸೋಮವಾರ ರಜೆ ಮುಗಿಸಿ ಕೆಲಸಕ್ಕೆ ಬರದಿದ್ದರೆ ವಜಾ. ಬಂದರೆ ಆ ಕಿಟಕಿಯಿಲ್ಲದ ಹಬೆಯ ಕೋಣೆಯಲ್ಲಿ ಬೀಳುತ್ತೇನೆ. ಆಗುವುದಿಲ್ಲವೆಂದು ಬರೆದುಕೊಟ್ಟರೆ ಶಾಶ್ವತವಾಗಿ ಅನರ್ಹಳೆಂಬ ಮುದ್ರೆ. ಎತ್ತ ಹೊರಳಿದರೂ ಗೋಡೆಯೇ. ನನಗೆ ಭಯವಾಗುತ್ತಿದೆ ಸ್ವಾಮಿ.

ಮೊನ್ನೆ ತಮ್ಮ ಕೋಣೆಯ ಮುಂದೆ ಅಣ್ಣ ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದ. ಗಾಬರಿಯಾಗಿ ಹೋಗಿ ಹಿಡಿದುಕೊಂಡೆ. “ಸುಮ್ನಿರೇ, ನಾಟಕ ಇದು. ನನಗೂ ವಾಸಿಯಾಗಿಲ್ಲ ಅಂದ್ರೆ ನಿನ್ನ ಮಾತು ನಂಬ್ತಾರೆ” ಎಂದು ಪಿಸುಗುಟ್ಟಿದ. ಅಯ್ಯೋ ಹುಚ್ಚಪ್ಪಾ, ಇಬ್ಬರ ಕೆಲಸವೂ ಹೋಗುತ್ತದೆ ಎಂದು ಬೈದೆ. ಇದನ್ನು ಬಯಲು ಮಾಡಿದ್ದಕ್ಕೆ ಅವನು ನನ್ನ ಜೊತೆ ಮಾತು ಬಿಡಬಹುದು, ಬಿಡಲಿ.

ಸೋಮವಾರದ ಆದೇಶವನ್ನು ತಡೆಹಿಡಿಯಿರಿ. ಏಳು ದಿನ ನನ್ನ ಎದೆಗೆ ಯಂತ್ರ ಕಟ್ಟಿಸಿ. ನಡೆಯುವಾಗ, ಎತ್ತುವಾಗ ನನ್ನ ಬಡಿತವನ್ನೇ ಬರೆದುಕೊಳ್ಳಲಿ. ಆಮೇಲೆ ಏನು ಬೇಕಾದರೂ ತೀರ್ಮಾನಿಸಿ. ನನ್ನ ಅಣ್ಣ ಚೆನ್ನಾಗಿದ್ದಾನೆ. ವಾಸಿಯಾದದ್ದಕ್ಕೆ ನಾಚಿಕೊಳ್ಳದೆ ಚೆನ್ನಾಗಿರಲು ಅವನನ್ನು ಬಿಡಿ.

ಇಂತಿ,
ತಮ್ಮ ಕಾಗದದಲ್ಲಿ ಮಾತ್ರ ವಾಸಿಯಾದ,
ನೆಲಮಾಳಿಗೆಯ ಒಗೆಯುವವಳು