ಹೇವರ್‌ಶಾ ಹೆಸರಿನವರು

ಹೆಸ್ಟರ್,

ನಿನ್ನ ವಿಳಾಸ ನನ್ನಲ್ಲಿಲ್ಲ. ಇದ್ದಿದ್ದರೂ ಇದನ್ನು ಕಳಿಸುತ್ತಿರಲಿಲ್ಲ. ಆದರೆ ಈ ಬೆಳಿಗ್ಗೆ ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಯಾರ್ಕ್‌ಷೈರಿನ ಮನೆತನದ ಹೆಸರುಗಳ ಬಗ್ಗೆ ಪುಸ್ತಕ ಬರೆಯುತ್ತಿರುವ ಹುಡುಗಿಯೊಬ್ಬಳು ಬಂದಿದ್ದಳು. ಹೇವರ್‌ಶಾ ಎಂದರೆ ಓಟ್ಸ್ ಹೊಲದ ಪಕ್ಕದ ತೋಪು ಎಂದು ನನಗೇ ಪಾಠ ಹೇಳಿದಳು. ನಿನ್ನಪ್ಪನ ಅಜ್ಜನ ಕಾಲದ ಜನಗಣತಿಯಲ್ಲಿ ಈ ಕಣಿವೆಯೊಂದರಲ್ಲೇ ನಮ್ಮವರು ಅರವತ್ತಮೂರು ಜನ ಇದ್ದರಂತೆ.

"ಅವರೆಲ್ಲ ಎಲ್ಲಿ ಹೋದ್ರು?" ಎಂದಳು.

"ಚರ್ಚ್ ಹಿಂದೆ ಹೋಗಿ ನೋಡು, ಸಾಲಾಗಿ ಮಲಗಿದಾರೆ. ಎದ್ದು ಟೀ ಕೊಡಲ್ಲ, ಅಷ್ಟೆ."

ಅವಳು ನಗಲಿಲ್ಲ. "ದೇಶವೆಲ್ಲ ಹುಡುಕಿದೆ, ಅಮ್ಮಾ. ಉಳಿದಿರೋದು ನೀವೊಬ್ರೇ. ಅದೂ ಮದುವೆಯಾಗಿ ಬಂದೋರು."

ಹತ್ತೊಂಬತ್ತು ವರ್ಷದ ಹಿಂದೆ ಇದೇ ಅಡುಗೆಮನೆಯಲ್ಲಿ ನೀನು ಕೂಸನ್ನೆತ್ತಿಕೊಂಡು ನಿಂತಿದ್ದೆ. "ಇವನಪ್ಪ ಬರಲ್ಲಮ್ಮಾ. ನಮ್ಮ ಹೆಸರೇ ಇಡ್ತೀನಿ" ಎಂದಿದ್ದೆ. ಮದುವೆಯಿಲ್ಲದೆ ಹುಟ್ಟಿದವನಿಗೆ ಹೇವರ್‌ಶಾ ಹೆಸರು ಸಲ್ಲದು ಎಂದವಳು ನಾನು. ನೀನೇನು ಕಡಿಮೆಯೇ? ಅವನಿಗೆ ಬೇರೆ ಯಾವುದೋ ಮನೆತನದ ಹೆಸರು ಹಾಕಿಸಿ, ನಿನ್ನದನ್ನೂ ಅದಕ್ಕೇ ಬದಲಿಸಿಕೊಂಡು ಹೊರಟುಹೋದೆ.

"ಮಕ್ಕಳು, ಮೊಮ್ಮಕ್ಕಳು?" ಎಂದು ಹುಡುಗಿ ಕೇಳಿದಳು.

"ನಾನೊಬ್ಬಳೇ ಅಂತ ಬರ್ಕೋ" ಎಂದೆ.

ಅವಳು ಪೆನ್ನು ತೆಗೆದಳು. ನಾನು ಮೇಜಿನ ಮೇಲಿದ್ದ, ತುದಿಗೆ ರಬ್ಬರಿದ್ದ ಪೆನ್ಸಿಲನ್ನು ಅವಳ ಮುಂದೆ ತಳ್ಳಿದೆ.

"ಪೆನ್ಸಿಲ್ ಯಾಕಮ್ಮಾ?"

"ಟೀ ಆರ್ತಿದೆ, ಕುಡಿ."