ಇಕಿಂಗ್‌ಗೆ ಏಳು ತುಂಬುವ ಮುನ್ನ

ಫೆಬ್ರವರಿ 2, ಭಾನುವಾರ. ಬೆಳಗಿನ 4:40

ಬನ್ನು ಮಾರುವವನ ಸೈಕಲ್ ಹಾರ್ನಿಗೆ ಎಚ್ಚರ. ಪೊಂಪ್... ಪೊಂಪ್... ಎಚ್ಚರ ಎನ್ನುವುದೂ ಸುಳ್ಳು. ಮಲಗಿದ್ದೇ ಮೂರಕ್ಕೆ.

ನಿನ್ನೆಯದು: ಆರ್ನೆಲ್ ಇಕಿಂಗ್‌ನನ್ನು ಕರೆದೊಯ್ದದ್ದು 9:05. ತಂದುಬಿಟ್ಟದ್ದು 6:10. ಹತ್ತು ನಿಮಿಷ ತಡ. "ಎಲ್ಲಾ ಬರೆದಿಡಮ್ಮ. ಕೋರ್ಟಲ್ಲಿ ಕಣ್ಣೀರು ನಿಲ್ಲಲ್ಲ, ತಾರೀಕು ನಿಲ್ಲತ್ತೆ" — ನನ್ನ ವಕೀಲರು, ಅಟಾರ್ನಿ ಕಿಹಾನೊ. ಗಂಡ ಆರ್ನೆಲ್‌ನ ಮನೆ ಬಿಟ್ಟು, ಅಮ್ಮನ ಜೊತೆ ಇರತೊಡಗಿ ಐದು ತಿಂಗಳು. ಮಗ ನನ್ನ ಹತ್ತಿರ, ಶನಿವಾರ ಮಾತ್ರ ಅವನ ಹತ್ತಿರ. ಅದೂ ಇನ್ನೂ ಬಾಯಿಮಾತಿನ ಒಪ್ಪಂದ.

ಒಂದು ವಿಷಯ. ಬೆವರು ಹೀರಲೆಂದು ಇಕಿಂಗ್‌ನ ಬೆನ್ನಿಗೆ, ಅಂಗಿಯೊಳಗೆ, ಹಳದಿ ಟವೆಲು ಇಟ್ಟು ಕಳಿಸಿದ್ದೆ. ಬರುವಾಗ ಬಿಳಿ ಟವೆಲು. ಒಣಗಿದ್ದು. ಹೆಂಡತಿಗೆ ಜ್ವರ ಬಂದರೂ ತಿಳಿಯದವನಿಗೆ ಮಗುವಿನ ಬೆವರು ತಿಳಿಯಿತೆ?

ಆ ಮನೆಯಲ್ಲಿ ಒಬ್ಬ ಹೆಂಗಸಿದ್ದಾಳೆ.

ಫೆಬ್ರವರಿ 6, ಗುರುವಾರ

ಕೋರ್ಟ್. ಮಗು ಯಾರ ಹತ್ತಿರ ಇರಬೇಕೆಂಬ ಕೇಸು. ಆರ್ನೆಲ್‌ನ ವಕೀಲನಿಗೆ 'ಹೊಟ್ಟೆನೋವು', ಡಾಕ್ಟರ ಚೀಟಿ ಸಮೇತ. ಮುಂದಿನ ತಾರೀಕು 24, ಬೆಳಿಗ್ಗೆ ಎಂಟೂವರೆ.

ಕಾರಿಡಾರಿನಲ್ಲಿ ಅಟಾರ್ನಿ ಗೊಣಗಿದರು: "ದಿನ ತಳ್ತಿದಾನೆ. ಮಾರ್ಚ್ ಒಂಬತ್ತಕ್ಕೆ ನಿನ್ನ ಮಗನಿಗೆ ಏಳು. ಅಲ್ಲೀವರೆಗೆ ಬಲವಾದ ಕಾರಣ ಇಲ್ದೆ ತಾಯಿಯಿಂದ ಬೇರೆ ಮಾಡೋ ಹಾಗಿಲ್ಲ. ಆಮೇಲೆ ಮಗೂನ್ನೇ ಕೇಳ್ತಾರೆ — ಯಾರು ಬೇಕಪ್ಪಾ ಅಂತ."

"24ಕ್ಕೆ ಕೊಡೋದು ಬರೀ ಮಧ್ಯಂತರ ಆದೇಶ ತಾನೇ, ಅಟಾರ್ನಿ?"

"ಬರೀನಾ? ಕೇಸು ಮೂರು ವರ್ಷ ಎಳೆಯತ್ತೆ. ಆ ಮೂರು ವರ್ಷ ಮಗು ಆದೇಶ ಹೇಳಿದ ಮನೇಲಿ. ಇರೋ ಜಾಗದಿಂದ ಕೀಳೋಕೆ ಜಡ್ಜ್‌ಗೆ ಮನಸ್ಸು ಬರಲ್ಲ. ಮಗೂನ ಕೈಬಿಡಬೇಡ."

ಆಮೇಲೆ ಆರ್ನೆಲ್‌ನ ಪ್ರಮಾಣಪತ್ರ ಓದಲು ಕೊಟ್ಟರು. 'ರಾತ್ರಿ ನಿದ್ದೆ ಮಾಡುವುದಿಲ್ಲ. ಜನವರಿ 19ರಂದು ಒಲೆ ಆರಿಸಲು ಮರೆತಳು.'

ಆ ಒಲೆಯ ವಿಷಯ ಯಾರಿಗೂ ಹೇಳಿಲ್ಲ. ಬರೆದದ್ದು ಇಷ್ಟು ದಿನ ಬರೆಯುತ್ತಿದ್ದ ಕೆಂಪು ಡೈರಿಯಲ್ಲಿ ಮಾತ್ರ.

ಇದನ್ನು ಇಕಿಂಗ್‌ನ ಹಳೆಯ ಗಣಿತ ಪುಸ್ತಕದ ಹಿಂದೆ ಬರೆಯುತ್ತಿದ್ದೇನೆ. ಕೆಂಪು ಡೈರಿ ಇದ್ದಲ್ಲೇ ಇರಲಿ, ದಿಂಬಿನ ಕೆಳಗೆ.

ಫೆಬ್ರವರಿ 9

ಗಾಳ ಹಾಕಿದ್ದೇನೆ. ಕೆಂಪು ಡೈರಿಯಲ್ಲಿ ಒಂದು ಸುಳ್ಳು: 'ದುಬೈಯಿಂದ ಅಕ್ಕ ಟಿಕೆಟ್ ಕಳಿಸಿದ್ದಾಳೆ. ಅಲ್ಲೇ ಕೆಲಸ. 25ಕ್ಕೆ ಇಕಿಂಗ್ ಜೊತೆ ಹೊರಡುವುದು. ಯಾರಿಗೂ ಹೇಳಕೂಡದು.' ಈ ಬೀದಿಯ ಪ್ರತಿ ಮನೆಯಿಂದಲೂ ಒಬ್ಬರು ಹಾಗೆ ಹೋದವರೇ. ಯಾರು ನಂಬುವುದಿಲ್ಲ?

ಫೆಬ್ರವರಿ 14, ಶುಕ್ರವಾರ

ಮೀನು ಕಚ್ಚಿತು. ವರದಿ ಬರೆಯಲು ಕೋರ್ಟಿನಿಂದ ಸಮಾಜ ಕಾರ್ಯಕರ್ತೆ ಬಂದಿದ್ದರು. ಫ್ರಿಜ್ ತೆರೆದು ನೋಡಿದರು, ಇಕಿಂಗ್‌ನ ಹಾಸಿಗೆ ನೋಡಿದರು. ಹೊಸಿಲಲ್ಲಿ ನಿಂತು, ಏನೋ ಮರೆತಂತೆ — "ವಿದೇಶಕ್ಕೆ ಹೋಗೋ ಯೋಚನೆ ಇದೆಯಾ, ಮ್ಯಾಮ್?"

ಇಲ್ಲ ಎಂದೆ. ಬರೆದುಕೊಂಡರು. ನಂಬಿದರೋ ಇಲ್ಲವೋ.

ಮಗುವನ್ನು ನೋಡಿಕೊಳ್ಳುವ ಬೆಲೆನ್ ಅಕ್ಕನನ್ನು ಆಗಲೇ ಕೆಲಸ ಬಿಡಿಸಿದೆ. ದಿಂಬು ಕೊಡವುವವಳು ಅವಳೇ.

"ನಾನು ಓದಿದೆನಾ?" ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಕನ್ನಡಕ ಒಡೆದು ವರ್ಷ ಆಯ್ತು, ಮ್ಯಾಮ್. ನನ್ ಮಗಳು ಕಳಿಸೋ ಮೆಸೇಜನ್ನೇ ನಿಮ್ಮಮ್ಮ ಓದಿ ಹೇಳ್ತಾರೆ. ನಿಮ್ಮ ಕೋಳಿಕಾಲು ಅಕ್ಷರ ನಂಗ್ಯಾಕೆ?"

ನಾಟಕ.

ಫೆಬ್ರವರಿ 15, ಶನಿವಾರ

ಇಕಿಂಗ್ 5:55ಕ್ಕೆ ಬಂದ. ಬೆನ್ನಿಗೆ ಮತ್ತೆ ಬೇರೆ ಟವೆಲು. ಈ ಸಲ ತುದಿ ಮಡಚಿ ಕಾಲರಿಗೆ ಪಿನ್ನು ಹಾಕಿದೆ, ಪಿನ್ನಿನ ಮೂತಿ ಹೊರಗೆ.

ಹಾಗೆ ಪಿನ್ನು ಹಾಕುವವರು ಒಬ್ಬರೇ. ನಾನು ಶಾಲೆಗೆ ಹೋಗುತ್ತಿದ್ದಷ್ಟು ಕಾಲವೂ ನನ್ನ ಕಾಲರಿಗೆ ಹಾಕಿದವರು.

"ಯಾರು ಹಾಕಿದ್ರು ಕಂದಾ?"

"ಅಜ್ಜಿ. ಅಪ್ಪನ ಮನೇಲಿ ಅಜ್ಜಿ ಶನಿವಾರ ಅಡುಗೆ ಮಾಡ್ತಾಳೆ. ನಿಂಗೆ ಹೇಳ್ಬಾರ್ದಂತೆ."

ಅಮ್ಮ ಶನಿವಾರ ಚರ್ಚಿನ ಜಪಮಾಲೆ ಗುಂಪಿಗೆ ಹೋಗುವುದು. ನನಗೆ ಹೇಳಿರುವುದು ಹಾಗೆ.

ಊಟಕ್ಕೆ ಕೂತಾಗ ಅಮ್ಮನೇ ತೆಗೆದಳು: "ನಮ್ ದೇಶದಲ್ಲಿ ಡೈವೋರ್ಸ್ ಇಲ್ಲ ಕಣೇ. ಇವತ್ತಲ್ಲ ನಾಳೆ ಅವನ ಹತ್ರಾನೇ ಹೋಗ್ಬೇಕು. ಮಗೂನ ಯಾಕೆ ಎಳೆದಾಡ್ತೀಯ?" ನನ್ನ ತಟ್ಟೆಗೆ ಮೀನಿನ ಹೊಟ್ಟೆಯ ತುಂಡು ಹಾಕಿದಳು. ಯಾವಾಗಲೂ ನನಗೇ ಹಾಕುವ ತುಂಡು.

ಡೈರಿ ಓದುವವಳು ನೀನೇನಾ ಎಂದು ನಾನು ಕೇಳಲಿಲ್ಲ. ದುಬೈ ಸುಳ್ಳೆಂದೂ ಹೇಳಲಿಲ್ಲ. ನನಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಗಬಾರದು... 24 ಕಳೆಯಲಿ.

ಫೆಬ್ರವರಿ 22, ಶನಿವಾರ

9:00 ಆರ್ನೆಲ್ ಬಂದ. 9:20 ಅಮ್ಮ 'ಜಪಮಾಲೆಗೆ'. ಕೈಯಲ್ಲಿ ದೊಡ್ಡ ಚೀಲ.

6:00 ಇಲ್ಲ.

7:30 ಇಲ್ಲ. ಇಬ್ಬರ ಫೋನೂ ಸ್ವಿಚ್ ಆಫ್.

8:15 ಆರ್ನೆಲ್‌ನ ಮನೆಗೆ ಬೀಗ.

9:40 ಅವನ ಮೆಸೇಜ್: 'ದುಬೈ ಟಿಕೆಟ್ ಜಡ್ಜ್‌ಗೆ ತೋರಿಸು. ಮಗ ನನ್ನ ಹತ್ತಿರ ಇರ್ತಾನೆ.'

ಫೆಬ್ರವರಿ 23, ಭಾನುವಾರ. ಸಂಜೆ 5

ಮತ್ತೆ ಕೆಂಪು ಡೈರಿಯಲ್ಲಿ.

ಬೆಲೆನ್ ಅಕ್ಕ ಬಂದಿದ್ದಾಳೆ. ಬಿಪಿ ಮಾತ್ರೆ ಮರೆತೆ, ತಂದುಕೊಡು ಎಂದು ನೀನು ಅವಳಿಗೆ ಹೇಳಿಕಳಿಸಿದೆಯಂತೆ, ಅಮ್ಮ. ಎಲ್ಲಿದ್ದೀಯ ಎಂದು ಅವಳು ಹೇಳುತ್ತಿಲ್ಲ, ಆಣೆ ಹಾಕಿಸಿದ್ದೀಯಂತೆ. ಕದ್ದು ಓದುವವಳೆಂದು ಕೆಲಸ ಬಿಡಿಸಿದವಳ ಕಾಲು ಹಿಡಿದಿದ್ದೇನೆ. "ಎದ್ದೇಳಿ ಮ್ಯಾಮ್, ಜಾಗ ಹೇಳಲ್ಲ, ಪುಸ್ತಕ ಬೇಕಾದ್ರೆ ಒಯ್ತೀನಿ" ಎಂದಳು. ಮಾತ್ರೆಯ ಜೊತೆ ಇದೂ ನಿನ್ನ ಕೈ ಸೇರುತ್ತದೆ. ಗಣಿತ ಪುಸ್ತಕದ ಹಾಳೆಗಳನ್ನು ಹರಿದು ಒಳಗಿಟ್ಟಿದ್ದೇನೆ. ಅವನ್ನು ಮೊದಲು ಓದು.

ಎದುರು ನಿಂತು ಹೇಳಿದ್ದರೆ ನೀನು ನಂಬುತ್ತಿರಲಿಲ್ಲ. ನನಗೆ ತಿಳಿಯದಂತೆ ಓದಿದ್ದನ್ನು ಮಾತ್ರ ನಂಬುತ್ತೀಯ. ಹಾಗೆಯೇ ಓದು. ದುಬೈ ಇಲ್ಲ. ಟಿಕೆಟ್ ಇಲ್ಲ. ದುಬೈಯಲ್ಲಿರುವ ಅಕ್ಕನನ್ನೇ ಕೇಳು. ನಿನ್ನನ್ನು ಹಿಡಿಯಲು ಬರೆದದ್ದು — ನೀನೆಂದು ತಿಳಿಯದೆ ಬರೆದದ್ದು. ತಿಳಿದ ಮೇಲೂ ಒಂದು ವಾರ ನಿನ್ನೆದುರು ಸುಮ್ಮನೆ ಉಂಡೆ. ಆ ತಪ್ಪು ನನ್ನದು.

ನಾಳೆ ಎಂಟೂವರೆಗೆ ಜಡ್ಜ್ ಕೇಳುತ್ತಾರೆ, ಮಗು ಎಲ್ಲಿ ಎಂದು. ನೀನು ಜಪಮಾಲೆಗೆ ಹೋಗಿದ್ದೆಯೋ ಎಲ್ಲಿಗೋ, ನಾನು ಕೇಳುವುದಿಲ್ಲ. ಟವೆಲು ಬದಲಿಸಿದ ಕೈ ನಿನ್ನದು, ಅಷ್ಟು ಸಾಕು. ಬೆಳಗಾಗುವ ಮುನ್ನ ಒಂದು ಫೋನ್ ಮಾಡು. ಮಾತಾಡಬೇಡ ಬೇಕಾದರೆ. ಇಕಿಂಗ್‌ನ ಕೈಗೆ ಕೊಡು, 'ಅಮ್ಮಾ' ಎಂದು ಒಂದು ಸಲ... ಬನ್ನಿನ ಹಾರ್ನಿನವನು ಬರುವ ಮೊದಲು, ಅಮ್ಮ, ನಾನು ಎದ್ದೇ ಇರುತ್ತೇನೆ, ಹೊತ್ತಾಯಿತೆಂದು ಬೆಲೆನ್ ಅಕ್ಕ ಪುಸ್ತಕ ಎಳೆಯುತ್ತಿದ್ದಾಳೆ, ಫೋನ್ ಮಾ